ಬೆಟ್ಟಕ್ಕೆ ಇನ್ನೊಂದು ಮಾತು

"ಬಳ್ಳಾಪುರದ ಬಸ್ಸು ಯಾವ್ದಪ್ಪಾ?"

"ಯಾವ ಬಳ್ಳಾಪುರನಮ್ಮಾ? ದೊಡ್ಡದಾ, ಚಿಕ್ಕದಾ?"

"ದೊಡ್ಡದಲ್ಲ."

"ಹಂಗಾದ್ರೆ ಚಿಕ್ಕದಾ?"

"ದೊಡ್ಡದಲ್ಲ ಅಂದ್ನಲ್ಲಪ್ಪಾ! ಇನ್ನೊಂದು."

ಕಳೆದ ತಿಂಗಳ ಒಂದು ಭಾನುವಾರ. ಗೌರಿಬಿದನೂರಿನ ಬಸ್ ಸ್ಟ್ಯಾಂಡು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದೆ. ಮಡಿಲಲ್ಲಿ ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣದ ತಾಂಬೂಲ, ಕಣ್ಣಲ್ಲಿ ಊಟದ ಜೊಂಪು. ಕೆಳಗೆ ಕಂಡಕ್ಟರಿಗೂ ಒಬ್ಬ ಹೆಂಗಸಿಗೂ ಈ ಮಾತುಕತೆ. ನನ್ನ ಜೊಂಪು ಹಾರಿಹೋಯಿತು.

ಕಂಡಕ್ಟರ್ ಒಳ್ಳೆಯವನು. ಪಾಪ, ಈಕೆಗೆ ಕನ್ನಡ ಅರ್ಥವಾಗುತ್ತಿಲ್ಲವೇನೋ ಎಂದುಕೊಂಡು ತೆಲುಗಿಗೆ ಇಳಿದ. (ನಮ್ಮ ಕಡೆಯ ಕಂಡಕ್ಟರಿಗೆ ಎರಡು ಭಾಷೆ ಬರಲೇಬೇಕು. ಅಲೀಪುರದವರು ಹತ್ತಿದಾಗ ಉರ್ದುವೂ ಬೇಕು.)

"ಪೆದ್ದದಾ, ಚಿನ್ನದಾ?"

"ಪೆದ್ದದಿ ಕಾದು!"

ತೆಲುಗಿನಲ್ಲೂ ಅದೇ ಉತ್ತರ. ದೊಡ್ಡದಲ್ಲ!

ಕಂಡಕ್ಟರ್ ಹಣೆ ಚಚ್ಚಿಕೊಂಡ. "ನಂಗೆ ಗೊತ್ತಿರೋದೇ ಎರಡು ಬಳ್ಳಾಪುರ ಕಣಮ್ಮಾ. ಅದಲ್ಲ ಅಂದ್ಮೇಲೆ ಇದೇ. ಅದನ್ನ ಬಾಯ್ಬಿಟ್ಟು ಹೇಳಕ್ಕೇನು ನಿಂಗೆ?"

ಹೆಂಗಸು ಸಂಕೋಚದಿಂದ ಈ ಕಡೆ ಮುಖ ತಿರುಗಿಸಿದಳು. ನೋಡುತ್ತೇನೆ, ನಮ್ಮ ನಾಗರತ್ನ!

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಸಂಜೆಯ ಕ್ಲಾಸು ಗೊತ್ತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಗಲು ನಾನು ಚಿಕ್ಕಬಳ್ಳಾಪುರದಲ್ಲಿ ಹೆಣ್ಣುಮಕ್ಕಳ ಸ್ಕೂಲಿನ ಇಂಗ್ಲಿಷ್ ಟೀಚರ್. ಸಂಜೆ ಮಹಿಳಾ ಸಮಾಜದ ಹಾಲಿನಲ್ಲಿ, ಹೊಲಿಗೆ ಮಿಷನ್ನುಗಳನ್ನು ಗೋಡೆಗೆ ಸರಿಸಿ, ಮದುವೆಯಾದ ಮೇಲೂ ಓದಿನ ಆಸೆ ಬಿಡದ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಸಂಬಳವಿಲ್ಲ. ಕಾಫಿ ಕೊಡುತ್ತಾರೆ. ಅದೂ ಸಕ್ಕರೆ ಇದ್ದ ದಿನ.

ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಇಂಗ್ಲಿಷ್ ಮಾತುಗಳು ಗೊತ್ತಿರುವವಳು ನಾಗರತ್ನ. ಎಸ್.ಎಸ್.ಎಲ್.ಸಿ. ಮುಗಿಸಿ ಮದುವೆಯಾದವಳು. ಗಂಡ ನಮ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಅತ್ತೆ ಮಾವ ಇರುವುದು ನಗರಗೆರೆ ಕಡೆಯ ಹಳ್ಳಿಯಲ್ಲಿ. ಅಲ್ಲಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ ಎಲ್ಲ ಇದೆ.

ಅವಳ ಇಂಗ್ಲಿಷ್ ಎಂಥದ್ದು ಎಂದು ಒಂದು ಉದಾಹರಣೆ ಕೊಡುತ್ತೇನೆ. ಭಾಷಾಂತರಕ್ಕೆ ಕೊಟ್ಟ ವಾಕ್ಯ ಇಷ್ಟೇ: 'ಒಂದು ಬೆಟ್ಟದ ಮೇಲೆ ಒಬ್ಬ ರಾಜನಿದ್ದ. ಅವನಿಗೆ ಒಬ್ಬಳು ಚಿಕ್ಕ ಮಗಳಿದ್ದಳು.' ಕ್ಲಾಸಿನಲ್ಲಿ ಎಲ್ಲರೂ ಹಿಲ್ ಎಂದು ಬರೆದರು, ಕಿಂಗ್ ಎಂದು ಬರೆದರು, ಸ್ಮಾಲ್ ಎಂದು ಬರೆದರು. ನಾಗರತ್ನ ಬರೆದದ್ದು: 'ಅಪಾನ್ ಎ ಲಾಫ್ಟಿ ಎಲಿವೇಷನ್ ದೇರ್ ಲಿವ್ಡ್ ಎ ಮೊನಾರ್ಕ್. ಹಿ ಹ್ಯಾಡ್ ಎ ಡಿಮಿನ್ಯುಟಿವ್ ಡಾಟರ್.'

ನಾನು ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಸರಳವಾಗಿ ಬರಿ ಎಂದೆ. ಮುಂದಿನ ವಾರ 'ಎಮಿನೆನ್ಸ್', 'ಸಾವರಿನ್' ಬಂದವು. ಆಮೇಲಿನ ವಾರ ಇನ್ನೂ ಏನೇನೋ. ನನಗೆ ರೇಗಿತು.

"ಹಿಲ್ ಅನ್ನೋ ಮಾತು ಗೊತ್ತಿಲ್ವಾ ನಾಗರತ್ನ?"

"ಗೊತ್ತು ಮೇಡಂ."

"ಎಲ್ಲಿ, ಹೇಳು."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಆಮೇಲೆ ಅವಳ ಮಾಮೂಲಿ ಪ್ರಶ್ನೆ ಬಂತು: "ಅದಕ್ಕೆ ಇನ್ನೊಂದು ಮಾತಿದೆಯಾ ಮೇಡಂ?"

ಇನ್ನೊಂದು ಮಾತು, ಇನ್ನೊಂದು ಮಾತು! ಯಾವ ಪಾಠಕ್ಕೆ ಕೂತರೂ ಅದೇ ರಾಗ. ಇವಳ ದೆಸೆಯಿಂದ ನಾನು ಬಿ.ಎ. ಮುಗಿದ ಮೇಲೆ ಮುಚ್ಚಿಟ್ಟಿದ್ದ ದಪ್ಪ ಡಿಕ್ಷನರಿಯನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಬೇಕಾಯಿತು. ಬೆಟ್ಟಕ್ಕೆ ಇಂಗ್ಲಿಷಿನಲ್ಲಿ ಅಷ್ಟು ಹೆಸರಿವೆ ಎಂದು ನನಗೂ ಗೊತ್ತಿರಲಿಲ್ಲ. ಹುಡುಗಿಗೆ ದೊಡ್ಡ ದೊಡ್ಡ ಮಾತಿನ ಚಪಲ, ಜಂಬ ಇರಬೇಕು ಎಂದು ತೀರ್ಮಾನಿಸಿ ಸುಮ್ಮನಾಗಿದ್ದೆ.

ಅಂಥವಳು ಈಗ ತಾನು ಸಂಸಾರ ಮಾಡುತ್ತಿರುವ ಊರಿನ ಹೆಸರು ಹೇಳಲಾರದೆ ಬಸ್ ಸ್ಟ್ಯಾಂಡಿನಲ್ಲಿ ಬೆವರುತ್ತಿದ್ದಾಳೆ!

ಕಿಟಕಿಯಿಂದಲೇ ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳ ಮುಖ ಬಾಡಿತ್ತು.

"ಊರಿಗೆ ಹೋಗಿದ್ಯೇನಮ್ಮಾ?"

"ಹೂಂ ಮೇಡಂ. ಮಾವನೋರ ಹತ್ರ ಕೇಳ್ಕೊಂಡ್ ಬರಕ್ಕೆ ಹೋಗಿದ್ದೆ."

ಕೇಳಲು ಹೋದದ್ದು ಕೆಲಸದ ವಿಷಯ. ನಮ್ಮೂರಿನಲ್ಲಿ ಹೊಸದಾಗಿ ಒಂದು ಸ್ಕೂಲು ಶುರುವಾಗುತ್ತಿದೆ. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್, ಜತೆಗೆ ಕನ್ನಡ. ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಒಬ್ಬ ಟೀಚರ್ ಬೇಕಂತೆ. ನಾಗರತ್ನ ಅರ್ಜಿ ಹಾಕಿದ್ದಳು, ಇಂಟರ್‌ವ್ಯೂಗೆ ಕರೆ ಬಂದಿತ್ತು. ಗಂಡ ಹೂಂ ಅಂದಿದ್ದ. ಆದರೆ ಅವರ ಮನೆಯಲ್ಲಿ ಮಾವ ಹೂಂ ಅನ್ನದೆ ಒಲೆಯ ಮೇಲೆ ಎಸರು ಕೂಡ ಇಡುವುದಿಲ್ಲ.

"ಏನಂದ್ರು?"

"ಇದೊಂದ್ ಸಲ ಹೋಗು ಅಂದ್ರು ಮೇಡಂ. ಆಗ್ಲಿಲ್ಲ ಅಂದ್ರೆ ಇಂಗ್ಲಿಷು ಗಿಂಗ್ಲಿಷು ಎಲ್ಲಾ ಬಿಟ್ಟು ಊರಿಗೆ ಬಂದ್ಬಿಡ್ಬೇಕಂತೆ. ಹುಳಕ್ಕೆ ಸೊಪ್ಪು ಹಾಕಕ್ಕೆ ಕೈ ಸಾಲ್ತಿಲ್ಲ, ನಿನ್ ಗಂಡ ಬೇಕಾದ್ರೆ ಅಲ್ಲೇ ಹೋಟ್ಲಲ್ಲಿ ಉಣ್ಲಿ ಅಂದ್ರು. ಇಂಟರ್‌ವ್ಯೂ ದಿನ ತಾವೇ ಬರ್ತಾರಂತೆ. ಅದೆಂಥಾ ಸ್ಕೂಲು ನೋಡ್ಬೇಕಂತೆ."

ಅವಳ ಕಣ್ಣಲ್ಲಿ ನೀರು ತುಂಬಿತು. ಸೊಪ್ಪು ಹಾಕುವುದು ಕೀಳು ಕೆಲಸವೇನಲ್ಲ. ಆ ರೇಷ್ಮೆಯಿಂದಲೇ ಶಿಡ್ಲಘಟ್ಟ ಊರಾಗಿ ನಿಂತಿದೆ. ಆದರೆ ಪಾಠ ಹೇಳಬೇಕೆಂದು ಆಸೆಪಟ್ಟವಳಿಗೆ ಸೊಪ್ಪಿನ ಬುಟ್ಟಿ ಕೊಟ್ಟರೆ ಹೇಗೆ?

"ಅದಿರಲಿ. ಬಸ್ಸು ಹತ್ತೋಕೆ ಯಾಕೆ ಇಷ್ಟು ಒದ್ದಾಡಿದೆ? ಚಿಕ್ಕಬಳ್ಳಾಪುರ ಅಂತ ಹೇಳೋಕೇನು?"

ಹಿಂದಿನ ಸೀಟಿನಲ್ಲಿದ್ದ ಒಬ್ಬ ಅಜ್ಜಿ (ಕಡಲೆಕಾಯಿ ಸುಲಿಯುತ್ತಾ ನಮ್ಮ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದವರು) ಮುಂದೆ ಬಾಗಿದರು.

"ಅತ್ತೆ ಹೆಸ್ರಿರ್ಬೇಕು ಬಿಡಮ್ಮಾ. ಏನೇ ಮಗಾ, ನಿಮ್ಮತ್ತೆ ಚಿಕ್ಕಮುನಿಯಮ್ಮನಾ?"

ನಾಗರತ್ನ ತಲೆ ಅಡ್ಡ ಆಡಿಸಿದಳು.

"ಚಿಕ್ಕತಾಯಮ್ಮನಾ?"

ನಾಗರತ್ನ ಬಗ್ಗಿಸಿದ ತಲೆ ಎತ್ತಲಿಲ್ಲ.

"ನೋಡ್ದ್ಯಾ! ಮಾವನ ಹೆಸ್ರೇನು?"

ಬಸ್ಸು ಹೊರಟಿತ್ತು. ನಾಗರತ್ನ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಟಕಿಯಾಚೆ ಬೆರಳು ತೋರಿಸಿದಳು. ಆಚೆ ಬೆಟ್ಟ.

"ಬೆಟ್ಟಪ್ಪ!" ಇಡೀ ಬಸ್ಸು ಒಂದೇ ಸಲ ಕೂಗಿತು. ಅಷ್ಟು ಹೊತ್ತಿಗೆ ಎಲ್ಲರೂ ಆಟಕ್ಕೆ ಸೇರಿಕೊಂಡಿದ್ದರು, ಕಂಡಕ್ಟರ್ ಕೂಡ.

"ಗಂಡನ ಹೆಸ್ರು?"

ನಾಗರತ್ನ ನನ್ನ ಮುಖ ನೋಡಿದಳು. ನನ್ನ ತಲೆಯೊಳಗೆ ದೀಪ ಹತ್ತಿತು. ಲಾಫ್ಟಿ ಎಲಿವೇಷನ್. ಡಿಮಿನ್ಯುಟಿವ್. ಮೊನಾರ್ಕ್!

"ರಾಜಣ್ಣ!" ಎಂದು ನಾನೇ ಕೂಗಿಬಿಟ್ಟೆ.

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ಕಂಡಕ್ಟರ್ ಚಿಕ್ಕಬಳ್ಳಾಪುರದ ಟಿಕೆಟ್ ಹರಿದು, "ತಗೊಳ್ಳಮ್ಮಾ, ದೊಡ್ಡದಲ್ಲದ್ದು" ಎಂದು ಕೊಟ್ಟ.

ಗಂಡನ, ಅತ್ತೆಯ, ಮಾವನ ಹೆಸರು ಬಾಯಲ್ಲಿ ತರಬಾರದು ಎಂಬುದು ನಮ್ಮ ಮನೆಗಳಲ್ಲಿ ಹೊಸ ವಿಷಯವಲ್ಲ. ಮಾವ ಬೆಟ್ಟಪ್ಪನಾದರೆ ಬೆಟ್ಟ 'ಎದುರಿಗಿರೋದು' ಆಗುತ್ತದೆ. ಅತ್ತೆ ಚಿಕ್ಕತಾಯಮ್ಮನಾದರೆ ಚಿಕ್ಕ ಲೋಟ 'ಮೋಟು ಲೋಟ' ಆಗುತ್ತದೆ. ಇದನ್ನು ನೋಡುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಆದರೆ ಆ ನಿಷೇಧವನ್ನು ಹೊಸಿಲು ದಾಟಿಸಿ ಇಂಗ್ಲಿಷಿಗೂ ಕರೆದುಕೊಂಡು ಹೋದ ಸೊಸೆಯನ್ನು ನಾನು ಕಂಡದ್ದು ಇದೇ ಮೊದಲು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹೌದು, ನಿಮ್ಮದೇ.

ಇಂಗ್ಲಿಷ್ ಬೇಕೋ ಬೇಡವೋ ಎಂದು ಪತ್ರಿಕೆಗಳ ತುಂಬ ಜಗಳ ನಡೆಯುತ್ತಿದೆ. ಬೇಡ ಎಂದು ಉದ್ದುದ್ದ ಬರೆಯುವವರ ಮಕ್ಕಳೇ ನನ್ನ ಕ್ಲಾಸಿನ ಮುಂದಿನ ಬೆಂಚಿನಲ್ಲಿದ್ದಾರೆ, ಅದು ಬೇರೆ ಮಾತು. ನನಗೆ ಬರುವ ಕಾಗದಗಳಲ್ಲಿ ಮಾತ್ರ ಕೇಳುವುದು ಒಂದೇ: 'ಮೇಡಂ, ಇಂಗ್ಲಿಷಿನಲ್ಲಿ ಒಳ್ಳೆಯ ವೊಕ್ಯಾಬುಲರಿ ಬೆಳೆಸಿಕೊಳ್ಳುವುದು ಹೇಗೆ?' ಚಿಂತಾಮಣಿಯ ಒಬ್ಬ ಯುವಕ ದಿನಾ ಬೆಳಿಗ್ಗೆ ಡಿಕ್ಷನರಿಯ ಒಂದು ಪುಟ ಉರು ಹೊಡೆಯುತ್ತಾನಂತೆ, ಮಗ್ಗಿ ಉರು ಹೊಡೆದ ಹಾಗೆ. ಸಂಜೆಗೆ ಮರೆತುಹೋಗುತ್ತದಂತೆ. ಮರೆಯದೆ ಏನಾಗುತ್ತದಪ್ಪಾ? ಬೇಡದ ಸಾಮಾನು ಮನೆಗೆ ತಂದರೆ ಅದು ಅಟ್ಟಕ್ಕೇ ಹೋಗುವುದು.

ನಾಗರತ್ನ ಯಾವ ಪುಟವನ್ನೂ ಉರು ಹೊಡೆಯಲಿಲ್ಲ. ಅವಳಿಗೆ ಸುಲಭದ ಮಾತಿನ ಬಾಗಿಲು ಮುಚ್ಚಿತ್ತು. ಹಿತ್ತಲ ಬಾಗಿಲು ಹುಡುಕಲೇಬೇಕಾಯಿತು. ಹುಡುಕುತ್ತಾ ಹೋದವಳಿಗೆ ಒಂದೊಂದು ಮಾತಿನ ಎತ್ತರ, ತೂಕ, ಬಣ್ಣ ತಿಳಿಯಿತು. ಎಲ್ಲಿ 'ಸಮ್ಮಿಟ್' ಅನ್ನಬೇಕು, ಎಲ್ಲಿ 'ಮೌಂಡ್' ಅಂದರೆ ಮಾವನಿಗೆ ಅವಮಾನ (ಅದು ಬರೀ ದಿಬ್ಬ ನೋಡಿ!) ಎನ್ನುವುದು ಅವಳಿಗೆ ಗೊತ್ತು.

ಹಾಗಾಗಿ ಕಾಗದ ಬರೆದವರಿಗೆಲ್ಲ ನನ್ನ ಹೊಸ ಉತ್ತರ ಇದು. ದಿನಕ್ಕೊಂದು ಹೊಸ ಮಾತು ಕಲಿಯಬೇಡಿ. ಒಂದು ಹಳೆಯ ಮಾತನ್ನು ಬಿಡಿ. ಒಂದು ವಾರ 'ಗುಡ್' ಅನ್ನಬೇಡಿ. 'ಗುಡ್' ನಿಮ್ಮ ಮಾವನ ಹೆಸರು ಎಂದುಕೊಳ್ಳಿ! ಏನೇನು ಬಾಯಿಗೆ ಬರುತ್ತದೆ ನೋಡಿ. ನಮ್ಮ ಮನೆಯವರು ಈ ಪ್ರಯೋಗ ಮಾಡುತ್ತೇನೆ ಎಂದು ಹೊರಟು 'ವೆರಿ' ಬಿಟ್ಟರು. ಬೆಳಿಗ್ಗೆ ಬಿಟ್ಟದ್ದು. ಮಧ್ಯಾಹ್ನದ ಹುಳಿ ಬಾಯಿಗಿಟ್ಟು "ವೆರಿ..." ಎಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಹುಳಿ ಚೆನ್ನಾಗಿತ್ತೋ ಉಪ್ಪಾಗಿತ್ತೋ ನನಗೆ ಇವತ್ತಿಗೂ ತಿಳಿಯದು.

ಗಂಡಸರಿಗೆ ಇದು ಕಷ್ಟ. ಪಾಪ, ಅಭ್ಯಾಸವಿಲ್ಲ. ಹೆಂಡತಿಯನ್ನು 'ಏ', 'ಇವಳೇ' ಎಂದರೆ ಅವರ ಸಂಸಾರ ನಡೆಯುತ್ತದೆ. ಇನ್ನೊಂದು ಮಾತು ಅವರಿಗೆ ಯಾಕೆ ಬೇಕು?

ಹಾಗೆಂದು ನಾನು ಈ ಪದ್ಧತಿಯನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊಗಳಲು ಹೇಗೆ ಸಾಧ್ಯ? ಅದೇ ಪದ್ಧತಿ ಇಂಟರ್‌ವ್ಯೂ ದಿನ ಅವಳ ಕತ್ತಿಗೆ ಬಂತು.

ಆ ವಾರವೆಲ್ಲ ಅವಳಿಗೆ ತಯಾರಿ ಮಾಡಿಸಿದೆ. ಪ್ರಶ್ನೆ ಕೇಳಿದೆ, ನಿಲ್ಲುವುದು ಕೂರುವುದು ಹೇಳಿಕೊಟ್ಟೆ. ಕೊನೆಗೆ ಮುಖ್ಯ ವಿಷಯಕ್ಕೆ ಬಂದೆ.

"ನೋಡು ನಾಗರತ್ನ, ಹಿಲ್ ಅನ್ನೋದು ಇಂಗ್ಲಿಷ್ ಮಾತು. ಅದು ನಿಮ್ಮ ಮಾವನ ಹೆಸರಲ್ಲ."

"ಅರ್ಥ ಅವರ್ದೇ ಅಲ್ವಾ ಮೇಡಂ? ಭಾಷೆ ಬದಲಾಯಿಸ್ಬಿಟ್ರೆ ಮರ್ಯಾದೆ ಬದಲಾಗ್ತದಾ?"

ಬಿ.ಎ. ಓದಿದವಳು ನಾನು. ಈ ಪ್ರಶ್ನೆ ಯಾವ ಪೇಪರಿನಲ್ಲೂ ಬಂದಿರಲಿಲ್ಲ.

"ಸರಿ. ಕ್ಲಾಸಿನಲ್ಲಿ ಮಗು ಕೇಳಿದ್ರೆ ಏನು ಹೇಳ್ತೀಯ?"

"ಮೊದ್ಲು ಕೆಲಸ ಸಿಗ್ಲಿ ಮೇಡಂ. ಆಮೇಲೆ ಮಗು ಕೇಳ್ಲಿ."

ಇಂಟರ್‌ವ್ಯೂ ನಡೆದದ್ದು ಆ ಸ್ಕೂಲಿಗೆಂದು ಬಾಡಿಗೆಗೆ ಹಿಡಿದಿದ್ದ ಹಳೆಯ ಬಂಗಲೆಯಲ್ಲಿ. ಜತೆಗಿರಲಿ ಎಂದು ನಾನೂ ಹೋದೆ. ಜಗಲಿಯ ಬೆಂಚಿನ ಮೇಲೆ ಬೆಟ್ಟಪ್ಪನವರು ಆಗಲೇ ಬಂದು ಕೂತಿದ್ದರು. ಬಿಳಿ ಪೇಟ, ಕಪ್ಪು ಕೋಟು, ಬಾಯಲ್ಲಿ ಎಲೆ ಅಡಿಕೆ. ಹೆಸರಿಗೆ ತಕ್ಕ ಆಳು. ಬೆಂಚಿನ ಉಳಿದ ಮೂಲೆಯಲ್ಲಿ ನಾನು ಹೇಗೋ ಕೂತೆ.

"ನೀವೇನಾ ಮೇಷ್ಟ್ರಮ್ಮ, ನಮ್ ಸೊಸೆಗೆ ಇಂಗ್ಲಿಷ್ ಹುಚ್ಚು ಹಿಡಿಸಿದ್ದು?"

"ನಾನೇ. ಆದರೆ ಹುಚ್ಚು ಅವಳೇ ತಂದಿದ್ದು. ನಾನು ಸೊಪ್ಪು ಹಾಕಿದೆ ಅಷ್ಟೆ."

ಮೀಸೆಯ ಒಳಗೆ ನಕ್ಕರೋ ಇಲ್ಲವೋ ಕಾಣಲಿಲ್ಲ.

ಪಕ್ಕದಲ್ಲೇ ಇಂಟರ್‌ವ್ಯೂ ಕೋಣೆಯ ಕಿಟಕಿ. ತೆರೆದೇ ಇತ್ತು. ಒಳಗೆ ಹೆಡ್‌ಮಿಸ್ಟ್ರೆಸ್ಸು, ಬೆಂಗಳೂರಿನಿಂದ ಬಂದವರು, ದಪ್ಪ ಕನ್ನಡಕ, ತೂಕದ ಮಾತು. ಪಕ್ಕದಲ್ಲಿ ಕಮಿಟಿಯ ಒಬ್ಬ ಹಿರಿಯರು. ನಾಗರತ್ನ ಮೊದಲ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಕೊಟ್ಟಳು. ಆಮೇಲೆ ಹೆಡ್‌ಮಿಸ್ಟ್ರೆಸ್ ಇಂಗ್ಲಿಷಿನಲ್ಲಿ ಕೇಳಿದರು: "ಅಗೋ, ಆ ಕಡೆಯ ಕಿಟಕಿಯಿಂದ ಏನು ಕಾಣಿಸುತ್ತದೆ? ವರ್ಣಿಸಿ."

ಚಿಕ್ಕಬಳ್ಳಾಪುರದಲ್ಲಿ ಕಿಟಕಿ ತೆರೆದರೆ ಇನ್ನೇನು ಕಾಣುತ್ತದೆ? ಸಮುದ್ರವೇ?

ನಾಗರತ್ನ ಎದ್ದು ನಿಂತು ಶುರು ಮಾಡಿದಳು. ಓದುಗರೇ, ಏನು ಹೇಳಲಿ! 'ಎ ಕೊಲಾಸಲ್ ಎಮಿನೆನ್ಸ್ ಆಫ್ ಗ್ರಾನೈಟ್' ಎಂದಳು. ಅದರ ಸಮ್ಮಿಟ್ಟು ಮುಂಜಾವಿನ ಮಂಜಿನಲ್ಲಿ ಮರೆಯಾಗುವುದನ್ನು ಹೇಳಿದಳು. ಇಳಿಜಾರಿನಲ್ಲಿ ಮೇಯುವ ಕುರಿಗಳು ಕೆಳಗಿನಿಂದ ಕಾಳು ಚೆಲ್ಲಿದಂತೆ ಕಾಣುವುದನ್ನು ಹೇಳಿದಳು. ಒಂದು ಮಾತೂ ತಡವರಿಸಲಿಲ್ಲ. ನನ್ನ ಕಾಲೇಜಿನ ದಿನಗಳಲ್ಲೂ ಅಂಥ ಇಂಗ್ಲಿಷ್ ಕೇಳಿರಲಿಲ್ಲ.

"ಏನ್ ಹೇಳ್ತಾವ್ಳೆ?" ಬೆಟ್ಟಪ್ಪನವರು ಪಿಸುಗುಟ್ಟಿದರು.

"ಬಹಳ ಎತ್ತರ, ಬಹಳ ಹಳೇದು, ಗಾಳಿ ಮಳೆಗೆ ಜಗ್ಗೋದಲ್ಲ, ಕೆಳಗಿನ ಊರಿಗೆಲ್ಲ ಅದೇ ಆಸರೆ ಅಂತಿದ್ದಾಳೆ."

"ಯಾವ್ದು?"

ಎದುರಿಗೆ ಕೈ ತೋರಿಸಿದೆ. ಅವರು ಬೆಟ್ಟವನ್ನು ಸ್ವಲ್ಪ ಹೊತ್ತು ನೋಡಿದರು.

ಒಳಗೆ ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಕ್ಸಲೆಂಟ್" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು. "ಆದರೆ ನಿಮ್ಮ ಕ್ಲಾಸಿನಲ್ಲಿ ಇರುವುದು ಐದು ವರ್ಷದ ಮಕ್ಕಳು. ಒಂದು ಮಗು ಬೆರಳು ತೋರಿಸಿ, ಅದೇನು ಮಿಸ್ ಎಂದು ಕೇಳುತ್ತದೆ. ಒಂದೇ ಮಾತಿನಲ್ಲಿ ಹೇಳಿ. ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ."

ನಾಗರತ್ನಳ ಕೈ ಸೆರಗಿನ ತುದಿಗೆ ಹೋಯಿತು.

ನ್ಯಾಯವಾದ ಪ್ರಶ್ನೆ. ಮಗುವಿಗೆ ಕೊಲಾಸಲ್ ಎಮಿನೆನ್ಸ್ ಹೇಳಿಕೊಡಲಾಗುತ್ತದೆಯೇ? ಅವಳಿಗೆ ಗೊತ್ತಿರುವ ಅಷ್ಟೂ ಮಾತುಗಳು ಆ ಒಂದು ಮಾತಿನ ಮುಂದೆ ಕೈಕಟ್ಟಿ ನಿಂತವು. ಹೇಳಿದರೆ ಮಾವನಿಗೆ ಅಗೌರವ, ಅದೂ ಅವರು ಜಗಲಿಯಲ್ಲೇ ಕೂತಿರುವಾಗ. ಹೇಳದಿದ್ದರೆ ಸೊಪ್ಪಿನ ಬುಟ್ಟಿ.

ಕಿಟಕಿಯಿಂದ ನೋಡಿದೆ. ಬೆರಳಿಗೆ ಸೆರಗು ಸುತ್ತುತ್ತಿದ್ದಳು. ಹೆಡ್‌ಮಿಸ್ಟ್ರೆಸ್ ಕಾಯುತ್ತಿದ್ದರು. ಕಮಿಟಿಯ ಹಿರಿಯರು ಗಡಿಯಾರ ನೋಡಿಕೊಂಡರು.

"ಯಾಕೆ ನಿಂತೋಯ್ತು ಮಾತು?" ಬೆಟ್ಟಪ್ಪನವರು ಕೇಳಿದರು.

ಇನ್ನು ಸಂಕೋಚಪಟ್ಟರೆ ಆಗದು ಎನಿಸಿತು. "ನಿಮ್ಮ ಹೆಸರು ಹೇಳಬೇಕಾಗಿದೆ ಅವಳು."

"ನನ್ ಹೆಸ್ರಾ? ನನ್ ಹೆಸ್ರು ಕಟ್ಕೊಂಡು ಅವ್ರಿಗೇನಾಗ್ಬೇಕು?"

"ಅವರು ಕೇಳ್ತಿರೋದು ಬೆಟ್ಟಾನ. ಆದರೆ ಅವಳಿಗೆ ಎರಡೂ ಒಂದೇ. ಇಂಗ್ಲಿಷಿನಲ್ಲೂ ಅವಳು ಆ ಮಾತು ಆಡಲ್ಲ. ನೀವು ಎಷ್ಟೋ ದೂರದ ಹಳ್ಳಿಯಲ್ಲಿದ್ದಾಗಲೂ ಆಡಿಲ್ಲ. ಇವತ್ತು ಆಡದಿದ್ದರೆ ಕೆಲಸ ಹೋಗತ್ತೆ."

ಅವರ ಅಗಿಯುವ ಬಾಯಿ ನಿಂತಿತು. ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ದಡಕ್ಕನೆ ಎದ್ದು ಅಂಗಳಕ್ಕೆ ಇಳಿದು ನಡೆದೇಬಿಟ್ಟರು. ಮುಗಿಯಿತು, ನನ್ನ ಬಾಯಿಗೆ ಬೀಗ ಇರಬಾರದಿತ್ತೇ ಎಂದು ಹಳಹಳಿಸಿದೆ.

ಹಾಗಲ್ಲ. ಎಲೆ ಅಡಿಕೆ ಉಗಿಯಲು ಹೋಗಿದ್ದರು. ಬಾಯಿ ಒರೆಸಿಕೊಂಡು ಬಂದರು. ನೇರ ಕಿಟಕಿಯ ಮುಂದೆ ನಿಂತರು. ಒಳಗೆ ಕತ್ತಲಾಯಿತು.

"ಅನ್ನಮ್ಮಾ ನಾಗರತ್ನ!"

ಒಳಗಿದ್ದ ಮೂವರೂ ಬೆಚ್ಚಿ ನೋಡಿದರು.

"ಬೆಟ್ಟ ಅನ್ನು. ನಮ್ಮಪ್ಪ ನಂಗೆ ಹೆಸ್ರಿಕ್ಕಕ್ ಮುಂಚೇನೇ ಅದು ಬೆಟ್ಟ ಆಗಿತ್ತು ಕಣಮ್ಮಾ. ಕೂಸು ಬೆರಳು ತೋರ್ಸಿ ಕೇಳಿದ್ರೆ ಹೇಳ್ದೆ ಇರಕ್ಕಾಗ್ತದಾ? ನಾನೇ ಹೇಳ್ತಾ ಇವ್ನಿ. ಅನ್ನು!"

ನಾಗರತ್ನ ಸೆರಗು ತಲೆಯ ಮೇಲೆ ಎಳೆದುಕೊಂಡಳು. ನೆಲ ನೋಡಿದಳು.

"ಹಿಲ್" ಎಂದಳು. ಆಮೇಲೆ ತಲೆ ಎತ್ತಿ, ಕಿಟಕಿಯಲ್ಲಿದ್ದ ಮಾವನನ್ನೇ ನೋಡುತ್ತಾ, "ಬೆಟ್ಟ" ಎಂದಳು.

ಹೆಡ್‌ಮಿಸ್ಟ್ರೆಸ್ ಕನ್ನಡಕ ಹಾಕಿಕೊಂಡರು. "ಹೂ ಈಸ್ ದಿಸ್ ಜೆಂಟಲ್‌ಮನ್?"

"ಹಿ ಈಸ್ ಮೈ ಫಾದರ್-ಇನ್-ಲಾ, ಮೇಡಂ" ಎಂದಳು ನಾಗರತ್ನ. ಕಣ್ಣೀರು ಒರೆಸಿಕೊಂಡಳು. "ದಟ್ ಈಸ್ ಹಿಸ್ ನೇಮ್."

ಅರ್ಥವಾಗಲು ಹೆಡ್‌ಮಿಸ್ಟ್ರೆಸ್‌ಗೆ ಸ್ವಲ್ಪ ಸಮಯ ಬೇಕಾಯಿತು. ಅರ್ಥವಾದ ಮೇಲೆ ಅವರು ನಕ್ಕದ್ದು ನೋಡಬೇಕಿತ್ತು. ಅಪಹಾಸ್ಯದ ನಗುವಲ್ಲ. ಎದ್ದು ಬಂದು ಕಿಟಕಿಯ ಆಚೆಗಿದ್ದ ಬೆಟ್ಟಪ್ಪನವರಿಗೆ ಕೈಮುಗಿದರು. "ಯಜಮಾನರೇ, ಮೊದಲ ಪಾಠ ನೀವೇ ಮಾಡಿಬಿಟ್ಟಿರಿ" ಎಂದು ಸ್ವಚ್ಛ ಕನ್ನಡದಲ್ಲಿ ಹೇಳಿದರು. ಅವರ ತೌರು ಮುದ್ದೇನಹಳ್ಳಿಯ ಹತ್ತಿರವಂತೆ! ಇಷ್ಟು ಹೊತ್ತು ಅದನ್ನು ಬಾಯಿಬಿಡದೆ ಇಂಗ್ಲಿಷಿನಲ್ಲೇ ಎಲ್ಲರನ್ನೂ ಹೆದರಿಸುತ್ತಿದ್ದರು.

ಕೆಲಸ ಸಿಕ್ಕಿತು. ಆ ವಾರದ ಕೊನೆಗೇ ಆರ್ಡರ್ ಬಂತು.

ಬೆಟ್ಟಪ್ಪನವರು ಊರಿಗೆ ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: "ಬರ್ತೀನಿ ಮೇಷ್ಟ್ರಮ್ಮ. ಹುಳಕ್ಕೆ ಸೊಪ್ಪು ಹಾಕಕ್ಕೆ ಯಾರ್ನಾದ್ರೂ ಕರ್ಕೊಂತೀನಿ ಬಿಡಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಅದು, ಆಗ್ಲೇ ಅಂದ್ಳಲ್ಲ, ಗಾಳಿ ಮಳೆಗೆ ಜಗ್ಗಲ್ಲ ಅಂತ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಹೇಳಿಕೊಟ್ಟೆ. ಬಸ್ ಸ್ಟ್ಯಾಂಡಿನ ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದರು. ವಯಸ್ಸಾದ ಮೇಲೆ ಇಂಗ್ಲಿಷ್ ಹುಚ್ಚು ಹಿಡಿಯುವುದಿಲ್ಲ ಎಂದವರಾರು?

ವಿಷಯ ಹಳ್ಳಿಗೆ ಮುಟ್ಟಿದಾಗ ಅತ್ತೆ ಚಿಕ್ಕತಾಯಮ್ಮನವರಿಗೆ ಸಿಟ್ಟು ಬಂತಂತೆ. ಸೊಸೆ ಹೆಸರು ಹೇಳಿದಳು ಎಂದಲ್ಲ. "ಅವರ್ ಹೆಸ್ರು ಮಾತ್ರ ಹೇಳ್ಬೋದಾ, ನನ್ ಹೆಸ್ರು ಏನ್ ಪಾಪ ಮಾಡಿತ್ತು?" ಎಂದು! ಅಲ್ಲಿಗೆ ನಾಗರತ್ನಳ ಬಸ್ಸಿನ ಸಮಸ್ಯೆಯೂ ಮುಗಿಯಿತು. ಈಗ ಅವಳು ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಚಿಕ್ಕಬಳ್ಳಾಪುರ' ಎಂದು ಗಂಟಲೆತ್ತಿ ಕೇಳುತ್ತಾಳೆ. ರಾಜಣ್ಣ ಮಾತ್ರ ಇನ್ನೂ ಮೊನಾರ್ಕ್ ಆಗಿಯೇ ಉಳಿದಿದ್ದಾನೆ. ಅವನಿಗೆ ಆ ಪದವಿ ಹಿಡಿಸಿಬಿಟ್ಟಿದೆಯಂತೆ.

ಮೊನ್ನೆ ಸೋಮವಾರ ಆ ಸ್ಕೂಲಿನ ಮುಂದೆ ಹೋಗುತ್ತಿದ್ದೆ. ಕಿಟಕಿಯಿಂದ ಮಕ್ಕಳ ಕೂಗು ಬರುತ್ತಿತ್ತು. "ಹಿಲ್ ಅಂದ್ರೆ ಬೆಟ್ಟ! ಹಿಲ್ ಅಂದ್ರೆ ಬೆಟ್ಟ!" ಇಡೀ ಒಂದನೇ ಕ್ಲಾಸು ಬೆಟ್ಟಪ್ಪನವರ ಹೆಸರನ್ನು ಎರಡು ಭಾಷೆಯಲ್ಲಿ ಕೂಗುತ್ತಿತ್ತು. ಕೂಗು ನಿಂತ ಮೇಲೆ ನಾಗರತ್ನಳ ದನಿ ಕೇಳಿಸಿತು.

"ಅದಕ್ಕೆ ಇನ್ನೊಂದು ಮಾತು ಯಾರ್ ಹೇಳ್ತೀರಪ್ಪಾ?"

"ಮಿಸ್, ನಾನು! ಮಿಸ್, ನಾನು ಮಿಸ್!"

ಹತ್ತು ನಿಮಿಷ ಅಲ್ಲೇ ನಿಂತು ಕೇಳಿದೆ. ನನ್ನ ಸ್ಕೂಲಿಗೆ ತಡವಾಯಿತು. ಆಗಲಿ. ಯಾರೂ ಬಾಗಿಲು ಮುಚ್ಚದೆಯೇ ಬೇರೆ ಬಾಗಿಲು ಹುಡುಕುವ ಮಕ್ಕಳು ನಮ್ಮೂರಿನಲ್ಲಿ ತಯಾರಾಗುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಸುದ್ದಿ ಈ ವಾರ ನನ್ನ ಬಳಿ ಇಲ್ಲ. (ಒಳ್ಳೆಯ! ನೋಡಿ, ನಾನೇ ನಿಯಮ ಮುರಿದೆ.)

ಇಷ್ಟು ಬರೆದು, ಅಂಚೆಗೆ ಹಾಕುವ ಮುಂಚೆ ನಮ್ಮ ಮನೆಯವರ ಕೈಗೆ ಓದಲು ಕೊಟ್ಟೆ. ಓದಿದರು. ಮಡಿಸಿ ವಾಪಸು ಕೊಟ್ಟರು.

"ಚೆನ್ನಾಗಿದೆ. ಒಂದೇ ಅನುಮಾನ. ನೀನು ಇಷ್ಟು ವರ್ಷದಿಂದ ಅಂಕಣ ಬರೀತಿದ್ದೀಯ. ವಾರ ವಾರ ನನ್ನ ಮಾನ ಹರಾಜು ಹಾಕ್ತೀಯ. ನನ್ನ ಹೆಸರೇನು ಅಂತ ಒಬ್ಬ ಓದುಗನಿಗಾದ್ರೂ ಗೊತ್ತಾ?"

ಪೆನ್ನು ಕೈಯಲ್ಲೇ ಇದೆ. ಕಾಗದದಲ್ಲಿ ಜಾಗವೂ ಇದೆ. ಓದುಗರೇ, 'ನಮ್ಮ ಮನೆಯವರು' ಎನ್ನುವುದಕ್ಕೆ ಇನ್ನೊಂದು ಮಾತು ನಿಮಗೇನಾದರೂ ಗೊತ್ತೇ?